ಮಳೆಮಾವನ ಡಬ್ಬಿಗೆ ಬಿದ್ದ ಮಳೆ

ಮಳೆಮಾವನ ನಿದ್ದೆ ಅಂದರೆ ಅಂತಿಂಥ ನಿದ್ದೆಯಲ್ಲ. ಒಮ್ಮೆ ಬ್ರೇಕ್ ಹೋದ ಲಾರಿಯೊಂದು ಮನೆಯ ಕಾಂಪೌಂಡಿಗೆ ಗುದ್ದಿ, ಗೋಡೆ ಕೆಡವಿ, ಮಲಗುವ ಕೋಣೆಯ ಕಿಟಕಿಗೆ ಮೂತಿ ತಾಗಿಸಿ ನಿಂತಿತಂತೆ. ಮಾವ ಮಗ್ಗುಲು ಬದಲಿಸಿ, "ಬಾಗಿಲು ಹಾಕೇ, ಗಾಳಿ ಬರ್ತಿದೆ," ಅಂದರಂತೆ. ಡ್ರೈವರ್ ಇಳಿದು ಬಂದು, ಪಾಪ, ಮನುಷ್ಯ ಮಲಗಿಕೊಳ್ಳಲಿ ಅಂತ ಇಂಜಿನ್ ಆರಿಸಿ, ಲಾರಿಯನ್ನು ತಳ್ಳಿಕೊಂಡೇ ಹಿಂದಕ್ಕೆ ಹೋದನಂತೆ. ಮಾವನ ಹೆಂಡತಿ, ಅಂದರೆ ಇಡೀ ಬೀದಿಗೆ ಅತ್ತೆ, ಆವತ್ತು ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲೇ ಒಂದು ಲೋಟ ಹಿಡಿದು ಅಂಗಳಕ್ಕೆ ಇಳಿದದ್ದು ಈ ನಿದ್ದೆಯನ್ನು ನಂಬಿಕೊಂಡೇ.

ಅಂಗಳದ ಮೂಲೆಯಲ್ಲಿ ಸೊಂಟದೆತ್ತರದ ತಂತಿಬೇಲಿ, ಬೇಲಿಗೊಂದು ಪುಟ್ಟ ಗೇಟು, ಗೇಟಿಗೊಂದು ಚಿಲಕ. ಒಳಗೆ ಸರ್ಕಾರದ ಮಳೆಮಾಪಕ. ಹೆಸರು ದೊಡ್ಡದು, ವಸ್ತು ಮಾತ್ರ ಒಂದು ಡಬ್ಬಿ. ಮೇಲೆ ಆಲಿಕೆ, ಒಳಗೆ ಬಾಟಲಿ. ಬಿದ್ದ ಮಳೆ ಆಲಿಕೆಯಿಂದ ಇಳಿದು ಬಾಟಲಿಗೆ ಸೇರಬೇಕು. ಮಾವ ದಿನಾ ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಬೀಗರ ಮನೆಗೆ ಹೊರಟವರ ಹಾಗೆ ಆ ಬೇಲಿಯೊಳಗೆ ಹೋಗುತ್ತಿದ್ದರು. ಬಾಟಲಿಯ ನೀರನ್ನು ಗೆರೆ ಹಾಕಿದ ಅಳತೆ ಗ್ಲಾಸಿಗೆ ಸುರಿದು, ಕಣ್ಣಿಗೆ ನೇರ ಹಿಡಿದು, ಉಸಿರು ಕಟ್ಟಿ ನೋಡಿ, ಬಂದ ಲೆಕ್ಕವನ್ನು ದೊಡ್ಡ ಊರಿನ ಹವಾಮಾನ ಆಫೀಸಿಗೆ ಫೋನ್ ಮಾಡಿ ಹೇಳುತ್ತಿದ್ದರು. ಅಲ್ಲಿ ದೇಶದ ಮೂಲೆಮೂಲೆಯ ಡಬ್ಬಿಗಳ ಲೆಕ್ಕ ಸೇರುತ್ತಿತ್ತು. ಎಲ್ಲಿ ಬಿತ್ತಬಹುದು, ಎಲ್ಲಿ ಬೆಳೆ ಬಾಡುತ್ತಿದೆ, ಯಾವ ಅಣೆಕಟ್ಟಿನ ಗೇಟು ಎತ್ತಬಹುದು ಅನ್ನುವುದೆಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಬೇರೆ ಕಡೆಯ ಲೆಕ್ಕವನ್ನು ಆಫೀಸಿನವರು ಎರಡೆರಡು ಸಲ ಕೇಳುತ್ತಿದ್ದರಂತೆ. ಮಾವನ ಲೆಕ್ಕವನ್ನು ಇಷ್ಟು ವರ್ಷದಲ್ಲಿ ಯಾರೂ ತಿರುಗಿಸಿ ಕೇಳಿರಲಿಲ್ಲ.

ಆ ಡಬ್ಬಿಯನ್ನು ಮಾವ ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ. "ನನ್ನ ಕೈಯನ್ನೂ ಇಷ್ಟು ಜೋಪಾನವಾಗಿ ಹಿಡಿದಿಲ್ಲ ಈ ಮನುಷ್ಯ," ಎಂದು ಅತ್ತೆ ಸಿಕ್ಕಿದವರಿಗೆಲ್ಲ ದೂರು ಹೇಳುತ್ತಿದ್ದರು. ದೂರು ಹೇಳುವಾಗ ಮುಖದ ತುಂಬ ನಗು ಇರುತ್ತಿತ್ತು.

ಆ ವರ್ಷ ಮುಂಗಾರು ದಾರಿ ತಪ್ಪಿತ್ತು. ಮೋಡಗಳು ಬರುತ್ತಿದ್ದವು, ಬಗ್ಗಿ ನೋಡುತ್ತಿದ್ದವು, ಅಯ್ಯೋ ಈ ಮನೆಯಲ್ಲ ಅನ್ನುವ ಹಾಗೆ ಮುಂದೆ ಹೋಗುತ್ತಿದ್ದವು. ಬಿಸಿಲು ಎಂಥದ್ದೆಂದರೆ, ಗೋಡೆಯ ಮೇಲಿನ ಹಲ್ಲಿ ನೆರಳಿಗಾಗಿ ಇನ್ನೊಂದು ಹಲ್ಲಿಯ ಹೊಟ್ಟೆಯ ಕೆಳಗೆ ಕೂರುತ್ತಿತ್ತು. ಮಾವ ಫೋನಿನಲ್ಲಿ "ಸೊನ್ನೆ" ಅನ್ನುವ ದನಿ ದಿನೇ ದಿನೇ ಇಳಿಯಿತು. ದನಿಯ ಹಿಂದೆಯೇ ಊಟವೂ ಇಳಿಯಿತು. ಬಾಯಿ ತೆರೆದರೆ ಬೀದಿಯನ್ನೇ ನಗಿಸುತ್ತಿದ್ದ ಮನುಷ್ಯ ಜಗಲಿಯ ಮೇಲೆ ಕೂತು ತನ್ನ ಕಾಲಿನ ಹೆಬ್ಬೆರಳನ್ನೇ ನೋಡತೊಡಗಿದರು.

"ರೀ, ಮಳೆ ಬರದೇ ಇರೋದು ನಿಮ್ಮ ತಪ್ಪಾ?" ಎಂದು ಅತ್ತೆ ಕೇಳಿದರು.

"ಅಲ್ಲ."

"ಮತ್ತೇನು ಹೀಗೆ ಕೂತಿದ್ದೀರಿ?"

ಮಾವ ಮತ್ತೆ ಹೆಬ್ಬೆರಳಿನ ಕಡೆ ತಿರುಗಿದರು. ಹೀಗೇ ಬಿಟ್ಟರೆ ಮಳೆ ಬರುವಷ್ಟರಲ್ಲಿ ಅಳೆಯುವ ಮನುಷ್ಯನೇ ಉಳಿಯುವುದಿಲ್ಲ ಅಂತ ಅತ್ತೆಗೆ ಅನ್ನಿಸಿತು. ಅದಕ್ಕೇ ಆವತ್ತು ಬೆಳಗಿನ ಜಾವ ಎದ್ದು, ಸದ್ದಾಗದ ಹಾಗೆ ಬೇಲಿಯ ಚಿಲಕ ತೆಗೆದು, ಆಲಿಕೆಗೆ ಅರ್ಧ ಲೋಟ ನೀರು ಹಾಕಿದರು. ಅರ್ಧವೇ. ಊರು ಮುಳುಗಿಸುವ ಮಳೆಯೇನೂ ಬೇಡ, ಮಾವನ ನಾಲಿಗೆಗೆ ರುಚಿ ಬರುವಷ್ಟು ಸಾಕು ಅಂತ.

ಚಿಲಕ ಹಾಕಿ ತಿರುಗಿದಾಗ ಹೊಳೆಯಿತು. ಡಬ್ಬಿಯಲ್ಲಿ ಮಳೆ ಇದೆ, ನೆಲದಲ್ಲಿ ಇಲ್ಲ! ಕುಡಿಯುವ ನೀರಿಗೇ ತತ್ವಾರ ಇದ್ದ ಕಾಲ, ಅಂಗಳಕ್ಕೆ ಒಳ್ಳೆಯ ನೀರು ಚೆಲ್ಲಲು ಮನಸ್ಸು ಬರಲಿಲ್ಲ. ಬಟ್ಟೆ ಒಗೆದು ಎತ್ತಿಟ್ಟಿದ್ದ ಸೋಪಿನ ನೀರು ಎರಡು ಬಕೆಟ್ ಇತ್ತು. ಅದನ್ನೇ ತಂದು ಕೈಯಿಂದ ಚಿಮುಕಿಸಲು ಶುರುಮಾಡಿದರು.

ಪಕ್ಕದ ಮನೆಯ ಗೋಡೆಯ ಮೇಲೆ ಒಂದು ತಲೆ ಮೂಡಿತು. ಕೆಲಸದಿಂದ ನಿವೃತ್ತಿಯಾದ ನರ್ಸಮ್ಮ.

"ಏನತ್ತೆ, ಈ ಹೊತ್ತಲ್ಲಿ ಅಂಗಳ ತೊಳೀತಿದ್ದೀರಾ?"

"ತೊಳೀತಿಲ್ಲ ಕಣೇ. ಸುರಿಸ್ತಿದ್ದೀನಿ."

"ಏನನ್ನ?"

"ಮಳೇನ. ಮೆತ್ತಗೆ ಮಾತಾಡು, ನಿಮ್ಮ ಮಾವ ಮಲಗಿದ್ದಾರೆ."

ನರ್ಸಮ್ಮ ಜೀವನವಿಡೀ ರೋಗಿಗಳ ಅರ್ಧ ಮಾತಿನಲ್ಲೇ ಪೂರ್ತಿ ರೋಗ ತಿಳಿದುಕೊಂಡವರು. ಒಂದು ಗಳಿಗೆ ಯೋಚಿಸಿ, "ಸೂರಿಗೂ ಹಾಕಿ. ಮಳೆ ಬಂದ ಮೇಲೆ ಸೂರು ತೊಟ್ಟಿಕ್ಕಬೇಡ್ವಾ?" ಎಂದವರೇ ತಮ್ಮ ಬಕೆಟ್ ಎತ್ತಿಕೊಂಡು ಬಂದರು. ಎದುರಿನ ಅಂಗಡಿಯ ಬಾಗಿಲು ಎತ್ತುತ್ತಿದ್ದ ಟೈಲರಣ್ಣ ಇಬ್ಬರನ್ನೂ ನೋಡಿ, ಏನೂ ಕೇಳದೆ, ತನ್ನ ಬೋರ್ಡನ್ನು ತಾನೇ ಒದ್ದೆ ಮಾಡಿಕೊಂಡ. ಮೂಲೆಯ ಪಂಚರ್ ಅಂಗಡಿಯವನು ಟ್ಯೂಬು ಮುಳುಗಿಸುವ ತೊಟ್ಟಿಯ ನೀರನ್ನೇ ಹೊತ್ತು ತಂದು ರಸ್ತೆಗೆ ಎರಚಿದ. ಬೀದಿಯ ನಡುವೆ ಮಲಗಿದ್ದ ನಾಯಿಯ ಮೇಲೂ ಬಿತ್ತು. ನಾಯಿ ಒಂದು ಕಣ್ಣು ತೆರೆದು ಆಕಾಶ ನೋಡಿ, ಬಂತಲ್ಲ ಸದ್ಯ ಅನ್ನುವ ಹಾಗೆ ಉಸಿರು ಬಿಟ್ಟು ಮತ್ತೆ ಮಲಗಿತು.

ಬೀದಿಯೆಲ್ಲ ಹದವಾಗಿ ನೆನೆದ ಮೇಲೆ ಅತ್ತೆ ಒಲೆ ಹಚ್ಚಲು ಒಳಗೆ ಹೋದರು. ಎಲ್ಲ ಸರಿಹೋಯಿತು ಅಂದುಕೊಂಡರು.

ಮಾವ ಎದ್ದು, ಸ್ನಾನ ಮುಗಿಸಿ, ಇಸ್ತ್ರಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅಂಗಳಕ್ಕೆ ಇಳಿದವರು ಇಳಿದ ಕಾಲಲ್ಲೇ ನಿಂತರು.

"ಏನೇ! ಮಳೆ ಬಂದಿತ್ತೇನೇ?"

"ಬಂದಿತ್ತಲ್ಲ. ನಿಮ್ಮ ಗೊರಕೆಗೆ ಹೆದರಿ ಬೇಗ ನಿಂತೋಯ್ತು," ಎಂದರು ಅತ್ತೆ ಅಡುಗೆಮನೆಯಿಂದ.

ಮಾವ ಮೂಗೆತ್ತಿ ಗಾಳಿ ಎಳೆದುಕೊಂಡರು. "ಸೋಪಿನ ವಾಸನೆ ಬರ್ತಿದೆಯಲ್ಲೇ?"

"ಗಾಳಿ ಯಾವ ಕಡೆಯಿಂದ ಬಂತೋ ಏನೋ. ಸೋಪಿನ ಫ್ಯಾಕ್ಟರಿ ಮೇಲೆ ಹಾದು ಬಂದಿರಬೇಕು."

ಬೇರೆ ದಿನವಾಗಿದ್ದರೆ ಮಾವ ಈ ಮಾತಿಗೆ ಹತ್ತು ಪ್ರಶ್ನೆ ಕೇಳುತ್ತಿದ್ದರು. ಆವತ್ತು ಕೇಳುವ ವ್ಯವಧಾನ ಎಲ್ಲಿತ್ತು? ಮಳೆಗೆ ಕಾದು ಕಾದು ಒಣಗಿದ್ದ ಮನುಷ್ಯ ಸೋಪಿನದ್ದಾದರೂ ಸರಿ ಎಂದು ನಂಬಿಬಿಟ್ಟರು. ಬೇಲಿಯೊಳಗೆ ಓಡಿದರು. ಬಾಟಲಿ ಎತ್ತಿದರು. ಗ್ಲಾಸಿಗೆ ಸುರಿದರು, ತುಂಬಿತು. ಚೆಲ್ಲಿ ಮತ್ತೆ ಸುರಿದರು, ಮತ್ತೆ ತುಂಬಿತು. ಕಿಟಕಿಯಿಂದ ನೋಡುತ್ತಿದ್ದ ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. ತಾನು ಹಾಕಿದ್ದು ಅರ್ಧ ಲೋಟ. ಡಬ್ಬಿಯೇನು ಮರಿ ಹಾಕಿತೇ?

"ಅರವತ್ತೆಂಟು!" ಮಾವ ಕೂಗಿದ ಕೂಗಿಗೆ ಟೈಲರಣ್ಣನ ಮಿಷನ್ ತಾನೇ ಎರಡು ಹೊಲಿಗೆ ಹಾಕಿತು. "ಅರವತ್ತೆಂಟು ಮಿಲಿಮೀಟರ್ ಕಣೇ! ಜಡಿಮಳೆ! ನಾನು ಮಲಗಿದ್ದೆ, ಥೂ!"

ಆಫೀಸಿನಲ್ಲಿ ಫೋನ್ ಎತ್ತುವ ಹುಡುಗಿಗೆ ಅನುಮಾನ ಬಂತು. "ಸರ್, ನಿಮ್ಮ ಪಕ್ಕದ ಊರಿನ ಡಬ್ಬೀಲಿ ಸೊನ್ನೆ ಇದೆಯಲ್ಲ?"

"ಮಳೆ ಅಂದ್ರೆ ಹಾಗೇ ತಾಯಿ. ರಸ್ತೆಯ ಈ ಕಡೆಯವನು ಛತ್ರಿ ಬಿಡಿಸಿರ್ತಾನೆ, ಆ ಕಡೆಯವನು ಬೀಸಣಿಗೆ ಬೀಸ್ಕೊಳ್ತಿರ್ತಾನೆ."

"ನೀವು ಹೇಳಿದ್ರೆ ಆಯ್ತು ಸರ್. ನಿಮ್ಮ ಲೆಕ್ಕ ಯಾವತ್ತು ತಪ್ಪಿದೆ?" ಎಂದಳು ಹುಡುಗಿ.

ಮಾವ ಎರಡು ತಟ್ಟೆ ತಿಂಡಿ ತಿಂದು, ಮೂರನೆಯದಕ್ಕೆ ಕೈ ಚಾಚಿ, ಹೊಟ್ಟೆ ಒಪ್ಪದೆ ಬಿಟ್ಟು, ಎಷ್ಟೋ ದಿನದಿಂದ ಬೆಳೆದಿದ್ದ ಗಡ್ಡ ತೆಗೆಸಲು ಕ್ಷೌರದಂಗಡಿಗೆ ಹೊರಟರು. ಬೀದಿಯ ಕೊನೆವರೆಗೂ ಸಿಳ್ಳೆ ಕೇಳಿಸಿತು. ಆ ಸಿಳ್ಳೆ ಕೇಳಿ ಅತ್ತೆಯ ಕಣ್ಣು ತುಂಬಿತು. ಡಬ್ಬಿ ಮರಿ ಹಾಕಿದರೆ ಹಾಕಲಿ, ಇದೊಂದು ಸಿಳ್ಳೆ ಸಾಕು ಅಂದುಕೊಂಡರು.

ಅಷ್ಟರಲ್ಲಿ ಫೋನ್ ಬಂತು. ಕೆಳಗಿನ ಅಣೆಕಟ್ಟಿನಲ್ಲಿ ಗೇಟು ನೋಡಿಕೊಳ್ಳುವ ಅವರ ತಮ್ಮ.

"ಅಕ್ಕಾ, ಭಾವನಿಗೆ ಹೇಳು, ಅವರ ಮಳೆ ನಮ್ಮ ಮಾನ ಉಳಿಸ್ತು! ಈಗಷ್ಟೇ ಆರ್ಡರ್ ಬಂತು. ಮೇಲ್ಗಡೆ ಒಳ್ಳೆ ಮಳೆಯಾಗಿದೆ, ನೀರು ಹರಿದು ಬರುತ್ತೆ, ಸಸಿಗಳು ಒಣಗ್ತಿವೆ, ಹನ್ನೆರಡಕ್ಕೆ ಕಾಲುವೆ ಗೇಟ್ ಎತ್ತು ಅಂತ."

ಅಣೆಕಟ್ಟಿನಲ್ಲಿ ಉಳಿದಿದ್ದದ್ದು ಕೆಳಗಿನ ಊರುಗಳ ಕುಡಿಯುವ ನೀರು ಮಾತ್ರ. ನಿಜವಾದ ಮಳೆ ಬರುವವರೆಗೆ ಹೊಲಕ್ಕೆ ಒಂದು ಹನಿ ಬಿಡಬಾರದು ಅಂತ ಇಷ್ಟು ದಿನ ಎಲ್ಲರೂ ಹಲ್ಲು ಕಚ್ಚಿ ಕಾದಿದ್ದರು. ಅದು ಕಾಲುವೆಗೆ ಹೋದರೆ ತುಂಬಿಕೊಡುವವರು ಯಾರು? ಹರಿದು ಬರಲು ಮೇಲೆ ಇರುವುದು ಎರಡು ಬಕೆಟ್ ಸೋಪಿನ ನೀರು.

"ಎತ್ತಬೇಡ ಕಣೋ!"

"ಯಾಕಕ್ಕಾ?"

"ಅದು... ನಿನ್ನ ಸೊಂಟ ಹಿಡ್ಕೊಂಡ್ರೆ?"

"ಅಕ್ಕಾ, ಬಟನ್ ಒತ್ತಿದ್ರೆ ಗೇಟು ತಾನೇ ಏಳುತ್ತೆ. ಬೆರಳು ಉಳುಕಬೇಕು ಅಷ್ಟೆ."

ಬೇರೆ ದಾರಿ ಕಾಣದೆ ಅತ್ತೆ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟರು.

"ಅಕ್ಕಾ, ಚಿಕ್ಕವನಿದ್ದಾಗ ನಾನು ಹಾಲು ಕುಡಿಯಲ್ಲ ಅಂತ ಬೆಕ್ಕಿಗೆ ಕುಡಿಸಿ ಅಮ್ಮನಿಗೆ ಸುಳ್ಳು ಹೇಳಿದ್ದವಳಲ್ವಾ ನೀನು. ಈಗ ದೇಶಕ್ಕೇ ಹೇಳಿದ್ದೀಯಲ್ಲ!"

"ಬೈಯೋದು ಆಮೇಲೆ ಬೈ. ಗೇಟ್ ಎತ್ತಬೇಡ."

"ನೀನು ಹೇಳಿದ್ರೆ ಅದು ಅಡುಗೆಮನೆ ಆರ್ಡರು. ಭಾವ ಆಫೀಸಿಗೆ ಹೇಳ್ಬೇಕು, ಆಫೀಸು ನಂಗೆ ಹೇಳ್ಬೇಕು. ಹನ್ನೆರಡಕ್ಕೆ ಮೊದಲು."

ಅಂದರೆ ಮಾವನಿಗೆ ಹೇಳಲೇಬೇಕು. ಅತ್ತೆಗೆ ಗೇಟಿಗಿಂತ ಆ ಸಿಳ್ಳೆಯ ಚಿಂತೆ ಜಾಸ್ತಿಯಾಯಿತು. ಇಷ್ಟು ವರ್ಷ ಒಂದು ಗೆರೆ ಆಚೀಚೆ ಆಗದ ಹಾಗೆ ಅಳೆದ ಮನುಷ್ಯ. ಅವರ ಮಾತನ್ನು ಸುಳ್ಳು ಮಾಡಿದ್ದು ಹೊರಗಿನ ಶತ್ರುವಲ್ಲ, ಪಕ್ಕದಲ್ಲಿ ಮಲಗುವ ಹೆಂಡತಿ. ಇನ್ನು ಮೇಲೆ ತನ್ನ ಮುಖ ನೋಡುತ್ತಾರೋ ಇಲ್ಲವೋ ಅಂದುಕೊಳ್ಳುತ್ತಲೇ ಚಪ್ಪಲಿ ಮೆಟ್ಟಿದರು. ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಗಂಡನದು.

ಕ್ಷೌರದಂಗಡಿಯಲ್ಲಿ ಜಾತ್ರೆಯಷ್ಟು ಜನ. ನಡುವೆ ಕುರ್ಚಿಯಲ್ಲಿ ಮಾವ, ಮುಖದ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ನೊರೆ.

"ಒಂದೊಂದು ಹನಿ ನಿಂಬೆಹಣ್ಣಿನ ಗಾತ್ರ!" ಮಾವ ಕೈ ಬೀಸಿ ಹೇಳುತ್ತಿದ್ದರು. "ಗುಡುಗಿಗೆ ಮಂಚ ಗೋಡೆಯಿಂದ ಗೋಡೆಗೆ ಓಡಾಡ್ತು. ನಾನು ಕಿಟಕಿಯಿಂದ ಕೈ ಹಾಕಿ ಒಂದು ಮಿಂಚನ್ನ ಬಾಲ ಹಿಡಿದು ಎಳೆದೆ ಅಂದ್ಕೊಳ್ಳಿ..."

"ನೀವು ಮಲಗಿದ್ರಿ ಅಂತ ಟೈಲರ್ ಹೇಳ್ದನಲ್ಲ?" ಎಂದ ಕ್ಷೌರಿಕ.

"ಮಲಗಿದ್ದುಕೊಂಡೇ ಎಳೆದೆ!"

ಅಂಗಡಿ ಬಿದ್ದು ಬಿದ್ದು ನಕ್ಕಿತು. ತಮ್ಮ ಹಳೆಯ ಗಂಡ ಪೂರ್ತಿಯಾಗಿ ವಾಪಸು ಬಂದಿದ್ದನ್ನು ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. ಇನ್ನೊಂದು ಗಳಿಗೆ ನಗಲಿ ಅಂತ ಮನಸ್ಸು ಎಳೆಯಿತು. ಗೋಡೆಯ ಗಡಿಯಾರ ಬೇಡ ಅಂದಿತು.

"ರೀ, ಸ್ವಲ್ಪ ಹೊರಗೆ ಬನ್ನಿ."

"ಅರ್ಧ ಮುಖ ಬಾಕಿ ಇದೆ ಕಣೇ."

"ಆ ಅರ್ಧ ಇಲ್ಲೇ ಇರ್ಲಿ. ಈ ಅರ್ಧ ಬರ್ಲಿ."

ಅಂಗಡಿಯ ಪಕ್ಕದ ಓಣಿಯಲ್ಲಿ ನಿಲ್ಲಿಸಿ ಹೇಳಿದರು. ಅರ್ಧ ಲೋಟದಿಂದ ಗೇಟಿನವರೆಗೆ, ಒಂದನ್ನೂ ಮುಚ್ಚಿಡದೆ. ಹೇಳಿ ಮುಗಿಸಿ ತಲೆ ತಗ್ಗಿಸಿದರು. ಮಾವನ ಕೆನ್ನೆಯ ನೊರೆ ಮೆಲ್ಲಗೆ ಇಳಿದು ಇಸ್ತ್ರಿ ಅಂಗಿಯ ಕಾಲರಿಗೆ ಬಿತ್ತು.

"ಬೈದುಬಿಡಿ ರೀ. ಸುಮ್ಮನಿರಬೇಡಿ. ನೀವು ಸೊನ್ನೆ ಸೊನ್ನೆ ಅಂತ ಕೊರಗೋದು ನೋಡೋಕಾಗ್ಲಿಲ್ಲ."

"ಸೊನ್ನೆಗೆ ನಾನ್ಯಾಕೆ ಕೊರಗಲೇ?" ಮಾವ ಕೊನೆಗೂ ಬಾಯಿಬಿಟ್ಟರು. "ಸೊನ್ನೆನೂ ಒಂದು ಅಳತೆನೇ. ಬಂದಿದ್ದು ಹೇಳೋದು ನನ್ನ ಕೆಲಸ. ಆದ್ರೆ ಮೊದಲು ಬೀದಿಯೋರೆಲ್ಲ ಎಷ್ಟು ಮಾವ, ಎಷ್ಟು ಮಾವ ಅಂತ ಕೇಳ್ತಿದ್ರು. ಒಂದು ವಾರ ಸೊನ್ನೆ ಬಂದಿದ್ದೇ ತಡ, ನನ್ನ ಕಂಡ್ರೆ ಸಾವಿನ ಮನೆ ಕಂಡ ಹಾಗೆ ದಾರಿ ಬಿಡೋಕೆ ಶುರು ಮಾಡಿದ್ರು. ಮನೇಲಿ ನೀನೂ ಕೇಳೋದು ಬಿಟ್ಟೆ."

"ಕೇಳಿದ್ರೆ ನಿಮಗೆ ನೋವಾಗುತ್ತೆ ಅಂತ ನಾವೆಲ್ಲ ಮಾತಾಡ್ಕೊಂಡು..."

"ಮಾತಾಡ್ಕೊಂಡ್ರಾ? ಎಲ್ಲರೂ ಸೇರ್ಕೊಂಡು ಮಾತಾಡದೇ ಇರೋಣ ಅಂತ ಮಾತಾಡ್ಕೊಂಡ್ರಾ?" ಮಾವ ಹೆಂಡತಿಯ ಮುಖ ನೋಡಿದರು. ಆಮೇಲೆ ಕಾಲು ನೋಡಿದರು. "ಅದು ನನ್ನ ಚಪ್ಪಲಿ ಅಲ್ವಾ?"

"ಒಂದು ಮಾತ್ರ."

"ಬೇಗ ನಡಿ. ಮೊಬೈಲು ಮನೇಲಿ ಚಾರ್ಜಿಗಿದೆ."

ದಾರಿಯಲ್ಲಿ ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. "ಅರ್ಧ ಲೋಟಕ್ಕೆ ಐದು ಮಿಲಿಮೀಟರ್ ಆಗುತ್ತೆ. ಉಳಿದ ಅರವತ್ಮೂರು ಯಾವನು ಸುರಿಸಿದ್ದು?"

ಅದರ ಉತ್ತರ ಜಗಲಿಯ ಮೇಲೆ ಸಾಲಾಗಿ ಕೂತಿತ್ತು. ಅತ್ತೆ ಓಡಿದ್ದನ್ನು ಕಂಡೇ ಮೂವರಿಗೂ ಏನೋ ಎಡವಟ್ಟಾಗಿದೆ ಅಂತ ತಿಳಿದಿತ್ತು. ನರ್ಸಮ್ಮ ಔಷಧಿಯ ಮುಚ್ಚಳದಲ್ಲಿ ಎರಡೇ ಮುಚ್ಚಳ ಹಾಕಿದ್ದರಂತೆ, ಡೋಸ್ ಜಾಸ್ತಿಯಾಗಬಾರದು ಅಂತ. ಟೈಲರಣ್ಣ ಒಂದು ಲೋಟ. ಅತ್ತೆ ಒಲೆ ಹಚ್ಚಲು ಹೋದಾಗ ಒಬ್ಬರಿಗೆ ತಿಳಿಯದ ಹಾಗೆ ಒಬ್ಬರು ಬೇಲಿಯೊಳಗೆ ಹೋಗಿ ಬಂದಿದ್ದರು. ಡಬ್ಬಿಗೆ ನೀರು ಹಾಕಿದವರು ಬೇರೆ ಯಾರಾದರೂ ಇದ್ದಾರು ಅನ್ನುವುದು ಒಬ್ಬರ ತಲೆಗೂ ಹೊಳೆದಿರಲಿಲ್ಲ.

"ನಾನು ಅರ್ಧ ಮಗ್ಗು," ಎಂದ ಪಂಚರ್ ಅಂಗಡಿಯವನು.

"ತುಂಬಿದ ಮಗ್ಗು," ಎಂದರು ಮಾವ.

"ತುಂಬಿದ ಮಗ್ಗು," ಎಂದ ಅವನು ತಲೆ ಕೆರೆದುಕೊಂಡು. "ನಿಮಗೆ ಕಡಿಮೆ ಮಳೆ ಕೊಡೋಕೆ ಮನಸ್ಸು ಬರಲಿಲ್ಲ ಮಾವ."

ಮಾವ ಆಫೀಸಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಜಗಲಿಯ ಮೇಲಿಟ್ಟರು. "ತಾಯಿ, ಬೆಳಗ್ಗೆ ಕೊಟ್ಟ ಲೆಕ್ಕ ತಪ್ಪು. ಮಳೆ ಬಂದಿಲ್ಲ. ರದ್ದು ಮಾಡಿ. ಗೇಟಿನ ಆರ್ಡರೂ ವಾಪಸ್ ತಗೊಳ್ಳಿ, ಈಗಲೇ." ಆ ಮಾತು ಹೇಳುವಾಗ ಅವರ ದನಿ ಒಂದು ಸಲ ತಡವರಿಸಿದ್ದು ಅತ್ತೆಗೆ ಮಾತ್ರ ಗೊತ್ತಾಯಿತು.

"ಅಯ್ಯೋ ಸರ್! ರದ್ದು ಮಾಡ್ಬಹುದು, ಆದ್ರೆ ಕಾರಣ ಕೊಡದೇ ಕಂಪ್ಯೂಟರ್ ಬಿಡಲ್ಲ. ಮೂರೇ ಕಾರಣ ಇದೆ ಇದರಲ್ಲಿ. ಮಾಪಕ ಕೆಟ್ಟಿದೆ ಅಂತ ಹಾಕ್ಲಾ?"

"ಮಾಪಕ ಯಾಕೆ ಕೆಡುತ್ತೆ? ಕನ್ನಡಿ ಹಾಗಿದೆ. ಸುಳ್ಳು ಹಾಕಬೇಡಿ."

"ಆಲಿಕೆಗೆ ಕಸ ಕಟ್ಟಿತ್ತು ಅಂತ?"

"ಕಸ ಇಲ್ಲ."

"ಉಳಿದಿದ್ದು ಒಂದೇ ಸರ್. ದನಗಳ ಹಾವಳಿ."

ಹನ್ನೆರಡಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಲೆಕ್ಕದಲ್ಲಿ ಸುಳ್ಳು ಹೇಳದ ಮನುಷ್ಯನ ಗಂಟಲಲ್ಲಿ ದನ ಸಿಕ್ಕಿಕೊಂಡಿತು. ಅತ್ತೆ ಮುಂದೆ ಬಂದು ಫೋನಿಗೆ ಬಾಯಿ ಹಚ್ಚಿದರು.

"ದನ ಅಂತಲೇ ಹಾಕಮ್ಮ. ಸುಳ್ಳೇನಲ್ಲ. ಬುದ್ಧಿ ಇಲ್ಲದ ದನ ಇಲ್ಲೇ ನಿಂತಿದೆ."

"ಎಷ್ಟು ದನ ಅಂತಲೂ ಕೇಳ್ತಿದೆ ಮೇಡಂ."

ಅತ್ತೆ ಜಗಲಿಯ ಕಡೆ ತಿರುಗಿದರು. ನರ್ಸಮ್ಮ ಕೈ ಎತ್ತಿದರು. ಟೈಲರಣ್ಣ ಎತ್ತಿದ. ಪಂಚರ್ ಅಂಗಡಿಯವನು ಅರ್ಧ ಎತ್ತಿ, ಮಾವನ ಮುಖ ನೋಡಿ ಪೂರ್ತಿ ಎತ್ತಿದ.

"ನಾಲ್ಕು ತಾಯಿ," ಎಂದರು ಮಾವ. "ಅದರಲ್ಲಿ ಒಂದು ಭಾರಿ ಗೂಳಿ." ಅಷ್ಟು ಹೇಳುವಷ್ಟರಲ್ಲಿ ಅವರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕು, ಒಂದು ಕೆನ್ನೆಯ ಒಣಗಿದ ನೊರೆ ಚೂರುಚೂರಾಗಿ ಉದುರುವ ಹಾಗೆ ನಕ್ಕು, ನಿಲ್ಲಲಾಗದೆ ಹೆಂಡತಿಯ ಭುಜ ಹಿಡಿದುಕೊಂಡರು.

ಸ್ವಲ್ಪ ಹೊತ್ತಿನಲ್ಲೇ ತಮ್ಮನ ಫೋನ್ ಬಂತು. ಆರ್ಡರ್ ವಾಪಸ್, ಗೇಟು ಕೆಳಗೇ ಇದೆ, ನೀರು ನೀರಿನ ಜಾಗದಲ್ಲೇ ಇದೆ. "ಬೆರಳು ಬಟನ್ ಮೇಲೇ ಇತ್ತು ಅಕ್ಕಾ," ಎಂದ. "ಎಲ್ಲೋ ದನ ನುಗ್ಗಿತ್ತಂತೆ?"

"ಹೂಂ ಕಣೋ. ನಿನ್ನ ಒಡಹುಟ್ಟಿದ್ದೇ," ಎಂದರು ಅತ್ತೆ.

ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದರು. ಸರ್ಕಾರದ ಕಡತದಲ್ಲಿ ದನ ಅಂತ ಒಮ್ಮೆ ಬಿದ್ದ ಮೇಲೆ ಅದು ಸುಮ್ಮನೆ ಮಲಗುತ್ತದೆಯೇ? ಒಂದು ದಿನ ಬೆಳಗ್ಗೆ, ಅಳತೆಯ ಕೆಲಸ ಮುಗಿದ ಹೊತ್ತಿಗೆ, ಆಫೀಸಿನಿಂದ ಬೇಲಿ ನೋಡಲು ಒಬ್ಬರು ಬಂದರು. ತಂತಿ ಎಳೆದು ನೋಡಿದರು, ಕಂಬ ಅಲ್ಲಾಡಿಸಿದರು, ಬೇಲಿಯ ಸುತ್ತ ಎರಡು ಸಲ ಬಂದರು.

"ಬೇಲಿ ಗಟ್ಟಿಯಾಗಿದೆಯಲ್ಲ ಯಜಮಾನ್ರೇ. ದನ ಎಲ್ಲಿಂದ ನುಗ್ಗಿದ್ವು?"

"ಗೇಟಿಂದ," ಎಂದರು ಮಾವ, ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ.

"ಚಿಲಕ ಇದೆಯಲ್ಲ?"

"ತೆಗೆದ್ವು. ಹೋಗುವಾಗ ವಾಪಸ್ ಹಾಕಿಯೂ ಹೋದ್ವು. ಸಂಸ್ಕಾರದ ದನ."

ಬಂದವರು ಮಾವನನ್ನು ನೋಡಿದರು. ಟೀ ತಟ್ಟೆ ಹಿಡಿದು ಬಂದ ಅತ್ತೆಯನ್ನು ನೋಡಿದರು. ಬೇಲಿಗೆ ಆತುಕೊಂಡು ನಿಂತಿದ್ದ ನರ್ಸಮ್ಮ, ಟೈಲರಣ್ಣ, ಪಂಚರ್ ಅಂಗಡಿಯವನನ್ನು ಒಬ್ಬೊಬ್ಬರಾಗಿ ಎಣಿಸಿದರು. ಅವರ ತುಟಿಯ ತುದಿ ಅಲ್ಲಾಡಿತು. ಟೀ ಲೋಟ ಎತ್ತಿಕೊಂಡರು.

"ಹಾಗಾದ್ರೆ ಬೇಲಿ ಇನ್ನೂ ಸ್ವಲ್ಪ ಎತ್ತರ ಮಾಡಿಸ್ಲಾ?"

"ಬೇಡ ಸ್ವಾಮಿ," ಎಂದರು ಮಾವ. "ಈಗ ಒಳಗೆ ಬರಲ್ಲ ಅವು. ದಿನಾ ಬೆಳಗ್ಗೆ ನಾಲ್ಕೂ ಬೇಲಿಯ ಹೊರಗೆ ಸಾಲಾಗಿ ನಿಂತು, ಎಷ್ಟು ಅಂತ ಕೇಳ್ತವೆ."

"ಕೇಳ್ತವಾ?"

"ಹೂಂ. ಸೊನ್ನೆ ಅಂದ್ರೆ, ಪರವಾಗಿಲ್ಲ ಬಿಡಿ, ತಿಂಡಿ ತಿನ್ನೋಣ ಬನ್ನಿ ಅಂತವೆ."